ಶಕ್ತಿಪರಿವರ್ತನೆಯ ಪಾಠವೂ ಅದರ ಭಾಷೆಯೂ

ಪಾಠ್ಯಪುಸ್ತಕದ ಗದ್ಯವು ವಿಮರ್ಶೆಗೆ ತಕ್ಕ ವಸ್ತುವೆಂದು ನಮ್ಮಲ್ಲಿ ಎಣಿಸುವವರು ವಿರಳ. ಕಾವ್ಯದಲ್ಲಿ ಒಂದು ಪದದ ಅರ್ಥ ಸಂದಿಗ್ಧವಾದರೆ ಪಂಡಿತರಲ್ಲಿ ಚರ್ಚೆ ಏಳುತ್ತದೆ. ಹನ್ನೆರಡು ವರ್ಷದ ಬಾಲಕನು ಓದುವ ವಿಜ್ಞಾನಪಾಠದಲ್ಲಿ ಅದೇ ದೋಷವಿದ್ದರೆ ಯಾರೂ ಗಮನಿಸುವುದಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಾಗಲೇ ಕನ್ನಡದಲ್ಲಿ ಶಾಸ್ತ್ರವನ್ನು ಹೇಳಬಹುದೆಂಬುದು ಸಿದ್ಧವಾಯಿತು. ಹೇಗೆ ಹೇಳಬೇಕೆಂಬುದು ಮಾತ್ರ ಇಂದಿಗೂ ವಿಚಾರಾರ್ಹವಾಗಿದೆ. ಹಿರಿಯ ಪ್ರಾಥಮಿಕ ತರಗತಿಗಳಲ್ಲಿ ಬೋಧಿಸುವ ಶಕ್ತಿಪರಿವರ್ತನೆಯ ವಿಷಯವನ್ನು ಇಲ್ಲಿ ನಿದರ್ಶನವಾಗಿ ತೆಗೆದುಕೊಳ್ಳೋಣ.

ಮೊದಲನೆಯದು ಪರಿಭಾಷೆ. ಲೋಕರೂಢಿಯಲ್ಲಿ ಶಕ್ತಿ, ಬಲ, ಸಾಮರ್ಥ್ಯಗಳು ಹೆಚ್ಚು ಕಡಮೆ ಪರ್ಯಾಯಪದಗಳು. ಭೌತಶಾಸ್ತ್ರದಲ್ಲಿ ಹಾಗಲ್ಲ: ವಸ್ತುವಿನ ಚಲನೆಯನ್ನು ಬದಲಿಸುವ ನೂಕು ಅಥವಾ ಸೆಳೆತವು ಬಲ, ಕೆಲಸ ಮಾಡಬಲ್ಲ ಗುಣವು ಶಕ್ತಿ, ಎಷ್ಟು ಬೇಗ ಕೆಲಸ ನಡೆಯಿತೆಂಬ ಅಳತೆಯು ಸಾಮರ್ಥ್ಯ. ಲಕ್ಷಣವನ್ನು ಹೇಳಿದ ಅಧ್ಯಾಪಕನೇ ಮರುಗಳಿಗೆಯಲ್ಲಿ ರೂಢಿಯ ಅರ್ಥಕ್ಕೆ ಜಾರಿದರೆ ವಿದ್ಯಾರ್ಥಿಗೆ ಉಳಿಯುವ ದಾರಿ ಕಂಠಪಾಠವೊಂದೇ.

ಎರಡನೆಯ ದೋಷವು ಇದಕ್ಕಿಂತ ಗುರುತರವಾದುದು. ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶಮಾಡಲೂ ಆಗದು ಎಂಬ ನಿಯಮಕ್ಕೆ ‘ಶಕ್ತಿ ಸಂರಕ್ಷಣೆ’ ಎಂದು ಹೆಸರಿಟ್ಟಿದ್ದೇವೆ. ಡಿಸೆಂಬರ್ ೧೪ರಂದು ಆಚರಿಸುವ ದಿನಕ್ಕೂ ಅದೇ ಹೆಸರು. ಅಲ್ಲಿ ಅದರ ಅರ್ಥ ಮಿತವ್ಯಯ. ನಾಶವೇ ಆಗದ ವಸ್ತುವನ್ನು ಉಳಿಸುವುದೇತಕ್ಕೆಂದು ಜಾಣ ಹುಡುಗಿಯೊಬ್ಬಳು ಕೇಳಿದರೆ ಅದು ಉದ್ಧಟತನವಲ್ಲ, ನ್ಯಾಯವಾದ ಪೂರ್ವಪಕ್ಷ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ೧೯೨೦ರಲ್ಲಿ ಜನಿಸಿದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಜೀವಮಾನವೆಲ್ಲ ಬೋಧಿಸಿದ್ದು ಇಂಥ ಪ್ರಶ್ನೆ ಕೇಳುವ ಮನೋಧರ್ಮವನ್ನೇ. ಅವರ ಸೀಮೆಯ ಶಾಲೆಗಳಲ್ಲಾದರೂ ಅದಕ್ಕೆ ಉತ್ತರ ದೊರೆಯಬೇಡವೆ?

ಉತ್ತರವು ದೂರದಲ್ಲಿಲ್ಲ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವವರು ರೇಷ್ಮೆಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಗಳನ್ನು ಹಿಡಿದಿರುವ ಅಂಟನ್ನು ಸಡಿಲಿಸುತ್ತಾರೆ. ಸೌದೆಯಲ್ಲಿ ಅಡಗಿದ್ದ ರಾಸಾಯನಿಕ ಶಕ್ತಿಯು ಉಷ್ಣವಾಗುತ್ತದೆ. ಅದರಲ್ಲಿ ಒಂದಂಶ ಮಾತ್ರ ಗೂಡನ್ನು ಸೇರುತ್ತದೆ. ಉಳಿದುದು ಹೊಗೆಯೊಡನೆ, ಹಬೆಯೊಡನೆ, ಒಲೆಯ ಗೋಡೆಯ ಮೂಲಕ ಹೊರಗೆ ಹರಡುತ್ತದೆ. ಅದು ನಾಶವಾಗಲಿಲ್ಲ, ಆದರೆ ಚದುರಿದ ಆ ಬಿಸಿಯನ್ನು ಮತ್ತೆ ಕೂಡಿಸಿ ಇನ್ನೊಂದು ಬಾಣಲೆ ಗೂಡನ್ನು ಬೇಯಿಸಲಾಗದು. ಶಕ್ತಿ ಉಳಿಯಿತು, ಅದರ ಉಪಯುಕ್ತತೆ ಹೋಯಿತು. ಮಿತವ್ಯಯದ ಉಪದೇಶಕ್ಕೆ ಆಧಾರವಾದ ಈ ತತ್ತ್ವವನ್ನು ಬಿಟ್ಟು, ‘ಒಂದು ಶಕ್ತಿ ಇನ್ನೊಂದಾಗುತ್ತದೆ’ ಎಂದಷ್ಟೇ ಹೇಳುವ ಪಾಠವು ಲೆಕ್ಕದ ಜಮೆಯನ್ನು ಓದಿ ಖರ್ಚನ್ನು ಮುಚ್ಚಿಟ್ಟಂತೆ.

ಲೆಕ್ಕವನ್ನು ಅಂಕಿಗಳಲ್ಲಿಯೂ ತೋರಿಸಬಹುದು. ಚಿಂತಾಮಣಿಯ ಕಡೆ ಒಂದು ಕೊಳವೆಬಾವಿಯಲ್ಲಿ ನೀರು ೩೦೦ ಮೀಟರು ಆಳದಲ್ಲಿದೆಯೆಂದು ಭಾವಿಸೋಣ. ೧೦೦೦ ಲೀಟರು ನೀರನ್ನು ಮೇಲೆತ್ತಲು ಸುಮಾರು ೨೯.೪ ಲಕ್ಷ ಜೌಲು ಬೇಕು. ಒಂದು ಯೂನಿಟ್ಟು ವಿದ್ಯುತ್ತೆಂದರೆ ೩೬ ಲಕ್ಷ ಜೌಲು. ಆದುದರಿಂದ ಕನಿಷ್ಠ ೦.೮೨ ಯೂನಿಟ್ಟು. ಮೀಟರಾದರೋ ಇದಕ್ಕಿಂತ ಹೆಚ್ಚನ್ನೇ ತೋರಿಸುತ್ತದೆ. ಹೆಚ್ಚಾದುದು ಮೋಟಾರಿನ ಬಿಸಿಯಾಗಿ, ಕೊಳವೆಯ ಘರ್ಷಣೆಯಾಗಿ ಹೋಯಿತೆಂದು ರೈತನ ಮಗನಿಗೆ ತಿಳಿಸುವುದು ಕಷ್ಟವಲ್ಲ.

ನಿಯಮಕ್ಕೆ ‘ಶಕ್ತಿನಿತ್ಯತೆ’ ಎಂದೂ ಉಳಿತಾಯಕ್ಕೆ ‘ಮಿತವ್ಯಯ’ ಎಂದೂ ಎರಡು ಹೆಸರುಗಳನ್ನು ಸ್ಥಿರಪಡಿಸುವುದು ಉಚಿತವೆಂದು ನಮ್ಮ ಅಭಿಪ್ರಾಯ. ಪ್ರತಿಯೊಂದು ಉದಾಹರಣೆಯಲ್ಲಿಯೂ ಚದುರಿಹೋದ ಉಷ್ಣವನ್ನು ಹೆಸರಿಸಿ ಹೇಳಬೇಕು. ಈ ವಿವೇಚನೆ ಇಲ್ಲದಿದ್ದರೆ ವಿದ್ಯಾರ್ಥಿಯು ತನಗೆ ಅರ್ಥವಾಗದುದಕ್ಕೆ ಕನ್ನಡವೇ ಕಾರಣವೆಂದು ತಿಳಿಯುವನು. ಭಾಷೆಯ ಮೇಲೆ ಆ ಅಪವಾದ ಬಾರದಂತೆ ನೋಡಿಕೊಳ್ಳುವುದು ವಿಜ್ಞಾನದ ಅಧ್ಯಾಪಕರಿಗೆ ಎಷ್ಟೋ ಸಾಹಿತ್ಯದ ಅಧ್ಯಾಪಕರಿಗೂ ಅಷ್ಟೇ ಸೇರಿದ ಕರ್ತವ್ಯ.