ಕೇಳದೆ ಒಳಗೆ ಬರುವ ದೆವ್ವ

ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿಯ ಡೆಸ್ಕಿನ ಮೇಲೆ ದಪ್ಪನೆಯ ಕಪ್ಪು ಪುಸ್ತಕ ಇತ್ತು. ಮುಖಪುಟದಲ್ಲಿ ಎರಡು ಬಿಳಿ ಕೈ, ಕೈಯಲ್ಲೊಂದು ಕೆಂಪು ಸೇಬು. 'ಡಯೆಟ್ ಪುಸ್ತಕಾನಾ?' ಅಂದೆ. 'ಟ್ವೈಲೈಟ್ ಸರ್, ವ್ಯಾಂಪೈರ್ ಲವ್ ಸ್ಟೋರಿ' ಅಂದಳು. ದೆವ್ವಕ್ಕೂ ಲವ್ವಾ ಅಂತ ನಕ್ಕೆ. ಶುಕ್ರವಾರ ಊರಿನ ಬಸ್ಸು ಹತ್ತುವಾಗ ಪುಸ್ತಕ ನನ್ನ ಬ್ಯಾಗಿನಲ್ಲಿತ್ತು.

ದೆವ್ವದ ವಿಷಯದಲ್ಲಿ ನಾನು ಪೂರ್ತಿ ಹೊಸಬ ಅಲ್ಲ. ಸುತ್ತೂರಿನಲ್ಲಿ ಕಪಿಲೆ ದಡದಲ್ಲಿ ಬೆಳೆದವನು. ಚಂದಮಾಮದ ಬೇತಾಳ ಗೊತ್ತು. ಅದೇ ಬೇತಾಳನನ್ನ ರಿಚರ್ಡ್ ಬರ್ಟನ್ 1870ರಲ್ಲಿ ಇಂಗ್ಲಿಷಿಗೆ ಒಯ್ದಾಗ ವ್ಯಾಂಪೈರ್ ಅಂತಲೇ ಕರೆದ. ಪಾಪ, ನಮ್ಮದು ಒಗಟು ಕೇಳುತ್ತಿತ್ತೇ ಹೊರತು ಯಾರ ಕತ್ತಿಗೂ ಬಾಯಿ ಹಾಕಿದ್ದಲ್ಲ. ಇನ್ನು ಬಾಗಿಲ ಮೇಲೆ ಸುಣ್ಣದಲ್ಲಿ ಬರೆದ 'ನಾಳೆ ಬಾ' ನಿಮಗೂ ಗೊತ್ತಿರುತ್ತೆ. ರಾತ್ರಿ ಗೊತ್ತಿರೋರ ದನಿಯಲ್ಲಿ ಹೆಸರು ಹಿಡಿದು ಕೂಗುತ್ತಂತೆ. 'ಮೂರು ಸಲ ಕೂಗಗಂಟ ಓಗೊಡಬ್ಯಾಡ ಕಣ್ಲಾ' ಅನ್ನೋದು ನಮ್ಮಜ್ಜಿ. ಆ ದೆವ್ವಕ್ಕೆ ಅಕ್ಷರ ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಮರ್ಯಾದೆ ಇತ್ತು. ನಾಳೆ ಬಾ ಅಂದರೆ ವಾಪಸ್ ಹೋಗುತ್ತಿತ್ತು.

ಬ್ರಾಮ್ ಸ್ಟೋಕರ್‌ನ ಡ್ರಾಕುಲಾಗೂ (1897) ಇಂಥದೇ ಕಟ್ಟುಪಾಡು. ಮನೆಯವರು ಯಾರಾದರೂ ಬಾ ಅನ್ನದೆ ಮೊದಲ ಸಲ ಹೊಸಿಲು ದಾಟುವ ಹಾಗಿಲ್ಲ. ಸ್ಟೆಫನಿ ಮೆಯರ್ 2005ರಲ್ಲಿ ಪ್ರಕಟವಾದ ಈ ಟ್ವೈಲೈಟ್ ಬರೆಯುವಾಗ ಆ ಕಟ್ಟುಪಾಡನ್ನೇ ತೆಗೆದುಹಾಕಿದ್ದಾಳೆ.

ಕತೆ ಇಷ್ಟೇ. ಸದಾ ಮಳೆ ಸುರಿಯುವ ಫೋರ್ಕ್ಸ್ ಅನ್ನೋ ಊರಿಗೆ ಹದಿನೇಳರ ಬೆಲ್ಲಾ ಅಪ್ಪನ ಜತೆ ಇರಲು ಬರುತ್ತಾಳೆ. ಕ್ಲಾಸಿನಲ್ಲಿ ಪಕ್ಕ ಕೂರುವ ಎಡ್ವರ್ಡ್ 1918ರ ಫ್ಲೂನಲ್ಲಿ ಸಾಯುತ್ತಿದ್ದಾಗ ವ್ಯಾಂಪೈರ್ ಆದವನು, ಅವತ್ತಿನಿಂದ ಹದಿನೇಳರಲ್ಲೇ ನಿಂತಿದ್ದಾನೆ. ಅವನ ಮನೆಯವರು ಪ್ರಾಣಿಗಳ ರಕ್ತ ಮಾತ್ರ ಕುಡಿಯುವ 'ಸಸ್ಯಾಹಾರಿ'ಗಳು. (ನಮ್ಮ ಕಡೆ ಈ ಜೋಕು ಯಾರಿಗೂ ಅರ್ಥ ಆಗಲ್ಲ.) ಎಲ್ಲರ ಮನಸ್ಸನ್ನೂ ಓದಬಲ್ಲ ಅವನಿಗೆ ಇವಳದೊಂದೇ ಸಿಗಲ್ಲ; ಇವಳ ರಕ್ತದ ವಾಸನೆಯಷ್ಟು ಆಸೆ ಹುಟ್ಟಿಸುವುದು ಬೇರೆ ಇಲ್ಲ. ಮುಟ್ಟಬೇಕು, ಮುಟ್ಟಿದರೆ ಕೊಂದೇಬಿಡಬಹುದು. ಈ ಎಳೆದಾಟವನ್ನ ಮೆಯರ್ ಚೆನ್ನಾಗಿ ಹಿಡಿದಿದ್ದಾಳೆ. ಅವನ ಚೆಲುವಿನ ವರ್ಣನೆ ಪುಟಕ್ಕೊಂದು ಸಲ ಬಂದು ತಲೆ ತಿನ್ನುತ್ತೆ, ವಿಲನ್ ಕೊನೆಗೆ ಅವಸರದಲ್ಲಿ ಬಂದು ಸಾಯುತ್ತಾನೆ, ಆದರೂ ಶನಿವಾರ ರಾತ್ರಿ ಎರಡು ಗಂಟೆವರೆಗೂ ಪುಸ್ತಕ ಕೆಳಗಿಡಲಿಲ್ಲ. ಸಾಯಿಸುತೆ ಕಾದಂಬರಿ ಹಿಡಿದು ಒಲೆ ಮೇಲಿನ ಹಾಲು ಮರೆಯುತ್ತಿದ್ದ ಅಕ್ಕನಿಗೆ ನಾನು ಸುಮ್ಮನೆ ಬೈದಿದ್ದೆ.

ಆಮೇಲೆ ಆ ಕಿಟಕಿ ಬಂತು. ಎಡ್ವರ್ಡ್ ಹೆಚ್ಚುಕಡಿಮೆ ದಿನಾ ರಾತ್ರಿ ಬೆಲ್ಲಾಳ ಕೋಣೆಗೆ ನುಗ್ಗಿ ಅವಳು ಮಲಗಿರೋದನ್ನ ನೋಡುತ್ತಾ ಕೂತಿರುತ್ತಿದ್ದ. ಅದೇ ಮನೆಯಲ್ಲಿ ಮಲಗಿರುವ ಅಪ್ಪ ಊರಿನ ಪೊಲೀಸ್ ಮುಖ್ಯಸ್ಥ! ಗೊತ್ತಾದಾಗ ಬೆಲ್ಲಾಗೆ ಸಿಟ್ಟು ಬರಲ್ಲ. ನಿದ್ದೆಯಲ್ಲಿ ಏನು ಬಡಬಡಿಸಿದೆನೋ ಅನ್ನೋ ನಾಚಿಕೆ ಅಷ್ಟೆ.

ಅಲ್ಲಿಗೆ ನನಗೆ ಓದಲಾಗಲಿಲ್ಲ. ನಾನು ಬಿಇ ಓದುತ್ತಿದ್ದಾಗ ನಮ್ಮ ಚಿಕ್ಕಪ್ಪನ ಮಗಳು ಪಿಯುಸಿಗೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಒಬ್ಬ ದಿನಾ ಅದೇ ಬಸ್ಸು ಹತ್ತುತ್ತಿದ್ದ. ಮಾತಾಡಿದವನಲ್ಲ, ನೋಡುತ್ತಿದ್ದ. ಸಂಜೆ ಅವರ ಮನೆ ಎದುರಿನ ಜಗಲಿ ಮೇಲೆ ಕೂರುತ್ತಿದ್ದ. ವಿಷಯ ಚಿಕ್ಕಪ್ಪನ ಕಿವಿಗೆ ಬಿತ್ತು, ಅವಳ ಕಾಲೇಜು ನಿಂತಿತು. ಅವನದೇನೂ ನಿಲ್ಲಲಿಲ್ಲ. ಅವನು ನನ್ನ ಜತೆಗಾರ. ಅವಳು ಯಾವ ಬಸ್ಸಿಗೆ ಹೋಗುತ್ತಾಳೆ ಅಂತ ಹೇಳಿದವನು ನಾನೇ. ಆಗ ನನಗದು ಲವ್ ಅಂತಲೇ ಕಂಡಿತ್ತು, ಮೆಯರ್‌ಗೆ ಕಂಡ ಹಾಗೆಯೇ.

ಪುಸ್ತಕ ಮುಗಿಸಿದ್ದು ಭಾನುವಾರ ವಾಪಸ್ ಬರುವ ಬಸ್ಸಿನಲ್ಲಿ. ಸೋಮವಾರ ಕೊಡುವಾಗ ಕಿಟಕಿ ವಿಷಯ ಎತ್ತಿದೆ. ಆ ಹುಡುಗಿ ಕಾಫಿ ಕಲಕುತ್ತಾ, 'ಅವನು ವ್ಯಾಂಪೈರ್ ಸರ್, ಪುಸ್ತಕದಲ್ಲಿದ್ದಾನೆ. ನಮ್ಮ ಪಿಜಿ ಹತ್ರ ಯಾವನಾದ್ರೂ ಹಂಗೆ ಬಂದ್ರೆ ಮೊದಲು ಪೊಲೀಸ್‌ಗೆ ಫೋನು' ಅಂದಳು. ಅವಳಿಗೆ ಇಷ್ಟು ಸುಲಭವಾಗಿ ಕಂಡ ವ್ಯತ್ಯಾಸ ಅವಳ ವಯಸ್ಸಿನಲ್ಲಿ ನನಗೆ ಕಾಣಲಿಲ್ಲ.

ಎರಡನೇ ಭಾಗ ಕೊಟ್ಟಿದ್ದಾಳೆ. ಮುಂದಿನ ಸಲ ಊರಿಗೆ ಹೋದಾಗ ಮೊದಲು ಚಿಕ್ಕಪ್ಪನ ಮಗಳ ಮನೆಗೆ ಹೋಗಬೇಕು. ಬಸ್ಸಿನ ವಿಷಯ ಅವಳಿಗೆ ಇನ್ನೂ ಹೇಳಿಲ್ಲ.