ಎಪ್ಪತ್ತೆರಡರ ಜೊತೆ ನಾಲ್ಕು

ಆಕ್ಲೆಂಡಿನ ಕ್ಲೈಂಟ್ ಕಡೆಯಿಂದ ಬರುವ ಮೇಲ್‌ಗಳೆಲ್ಲ ‘ಕಿಯಾ ಓರಾ’ ಅಂತ ಶುರುವಾಗುತ್ತವೆ. ಮೊದಲ ವಾರ ಅದು ಯಾರದೋ ಹೆಸರು ಅಂದುಕೊಂಡು ‘ಡಿಯರ್ ಕಿಯಾ’ ಅಂತ ಉತ್ತರ ಬರೆದು ಇಡೀ ಟೀಮಿನ ಮುಂದೆ ನಗೆಪಾಟಲಾದವನು ನಾನು. ಅದು ಮಾವೋರಿ ಭಾಷೆಯ ನಮಸ್ಕಾರ.

ಆ ನಾಚಿಕೆಗೆ ಅವರ ಇತಿಹಾಸ ಓದಲು ಕೂತೆ. ಓದಿದ ಕಡೆಯಲ್ಲೆಲ್ಲ ಒಂದು ಮಾತು ತಪ್ಪದೆ ಎದುರಾಯಿತು. ನ್ಯೂಜಿಲೆಂಡು 1867ರಲ್ಲೇ ಮಾವೋರಿ ಗಂಡಸರಿಗೆಲ್ಲ ಮತ ಕೊಟ್ಟಿತು. ಅಲ್ಲಿನ ಬಿಳಿಯ ಗಂಡಸರೆಲ್ಲರಿಗೂ ಮತ ಸಿಕ್ಕಿದ್ದು ಅದಾಗಿ 12 ವರ್ಷಕ್ಕೆ, 1879ರಲ್ಲಿ. ಓದಿದ ಕೂಡಲೇ ‘ಪರವಾಗಿಲ್ವೇ!’ ಅನ್ನಿಸುತ್ತೆ. ನನಗೂ ಅನ್ನಿಸಿತ್ತು. ಆ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೂ ನನ್ನ ತಕರಾರು ಅದರ ಮೇಲೆಯೇ.

1866ರಿಂದ 1870ರವರೆಗೆ ಕೂತ ನಾಲ್ಕನೇ ಪಾರ್ಲಿಮೆಂಟಿನ ಕಾಲದ ಮಾತಿದು. ಅಲ್ಲಿನ ಮೊದಲ ಪಾರ್ಲಿಮೆಂಟು ಸೇರಿದ್ದು 1854ರಲ್ಲಿ. ಮತ ಹಾಕಬೇಕಾದರೆ ಸ್ವಂತ ಹೆಸರಿನಲ್ಲಿ ಆಸ್ತಿಯೋ ಗುತ್ತಿಗೆಯೋ ಬಾಡಿಗೆ ಮನೆಯೋ ಇರಬೇಕಿತ್ತು. ಮಾವೋರಿಗಳ ಹತ್ತಿರ ಜಮೀನಿಗೇನು ಕೊರತೆ? ಉತ್ತರದ ದ್ವೀಪದ ಬಹುಭಾಗ ಇನ್ನೂ ಅವರದೇ. ಆದರೆ ಅದು ಕುಲಕ್ಕೆ ಸೇರಿದ್ದು, ಯಾರೊಬ್ಬರ ಹೆಸರಿನಲ್ಲೂ ಇಲ್ಲ. ಹೆಸರಿಲ್ಲದ ಜಮೀನಿಗೆ ಮತವಿಲ್ಲ. ಅದೇ ಹೊತ್ತಿಗೆ ಚಿನ್ನ ಹುಡುಕಲು ಬಂದವನ ಹತ್ತಿರ ಗಣಿ ಪರವಾನಗಿಯ ಚೀಟಿ ಇದ್ದರೆ ಸಾಕು, ಅವನಿಗೆ ಮತ ಇತ್ತು. ಅಂದರೆ ಬೇಕು ಅನ್ನಿಸಿದಾಗ ನಿಯಮ ಬಗ್ಗುತ್ತಿತ್ತು.

1867ರಲ್ಲಿ ಮಾವೋರಿಗಳಿಗಾಗಿಯೂ ಬಗ್ಗಿಸಿದರು. ಮಸೂದೆ ತಂದವರು ಡೊನಾಲ್ಡ್ ಮೆಕ್ಲೀನ್. ಅದಕ್ಕೆ ಮುಂಚೆ ಮಾವೋರಿಗಳಿಂದ ಸರ್ಕಾರಕ್ಕೆ ಜಮೀನು ಕೊಳ್ಳುವ ಇಲಾಖೆಯ ಮುಖ್ಯಸ್ಥರಾಗಿದ್ದವರು. 21 ದಾಟಿದ ಮಾವೋರಿ ಗಂಡಸರಿಗೆಲ್ಲ ಮತ, ನಾಲ್ಕು ಪ್ರತ್ಯೇಕ ಸೀಟು, ಅದೂ ಐದೇ ವರ್ಷಕ್ಕೆ. ಆಗ ಬಿಳಿಯರ ಸೀಟು 72. ಮಾವೋರಿ ಜನಸಂಖ್ಯೆ ಸುಮಾರು 50,000. ತಲೆ ಎಣಿಸಿದರೆ ಅವರಿಗೆ 14ರಿಂದ 16 ಸೀಟು ಬರಬೇಕಿತ್ತು. ಬಿಳಿಯರಲ್ಲಿ ಸುಮಾರು 3,500 ಜನಕ್ಕೊಬ್ಬ ಸದಸ್ಯ, ಮಾವೋರಿಗಳಲ್ಲಿ 12,500 ಜನಕ್ಕೊಬ್ಬ. ‘ಎಲ್ಲರಿಗೂ ಮತ ಕೊಟ್ಟರು’ ಅನ್ನುವಾಗ ಈ ಭಾಗಾಕಾರವನ್ನು ಯಾರೂ ಹೇಳೋದಿಲ್ಲ.

ಐದೇ ವರ್ಷ ಯಾಕೆ? ನನಗೆ ಇಡೀ ಕಥೆಯಲ್ಲಿ ಮುಳ್ಳಿನ ಹಾಗೆ ಚುಚ್ಚಿದ್ದು ಇದು. 1865ರ ಕಾನೂನಿನ ಪ್ರಕಾರ ಒಂದು ವಿಶೇಷ ಕೋರ್ಟು ಕುಲದ ಜಮೀನನ್ನು ಬಿಡಿ ಹೆಸರುಗಳಿಗೆ ಬರೆದುಕೊಡುವ ಕೆಲಸ ಶುರುಮಾಡಿತ್ತು. ಸ್ವಲ್ಪ ವರ್ಷದಲ್ಲಿ ಎಲ್ಲ ಜಮೀನಿಗೂ ಹೆಸರು ಬೀಳುತ್ತೆ, ಆಮೇಲೆ ಮಾವೋರಿಗಳೂ ಮಿಕ್ಕವರ ಹಾಗೆ ಆಸ್ತಿವಂತ ಮತದಾರರಾಗುತ್ತಾರೆ, ಈ ನಾಲ್ಕು ಸೀಟು ಬೇಕಾಗೋದಿಲ್ಲ ಅನ್ನುವ ಲೆಕ್ಕ. ಕುಲದ ಜಮೀನು ಕರಗುವ ತನಕ ಮಾತ್ರ ಸೀಟು!

ಜಂಟಿ ಖಾತೆ ಪೋಡಿ ಆಗೋದು ಅಂದರೇನು ಅಂತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಅಜ್ಜನ ಹೊಲ ಅವರ ನಾಲ್ಕು ಮಕ್ಕಳ ಹೆಸರಿಗೆ ಬೇರೆ ಬೇರೆಯಾಗಿ ಎರಡು ವರ್ಷವೂ ಆಗಿರಲಿಲ್ಲ, ಎರಡು ಭಾಗ ಲೇಔಟ್ ಆಗಿತ್ತು. ಯಾರೂ ಯಾರಿಗೂ ಮೋಸ ಮಾಡಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಸಾಲ ಇತ್ತು, ಅಷ್ಟೇ. ಮಾವೋರಿಗಳ ವಿಷಯದಲ್ಲಿ ಇನ್ನೂ ಕೆಟ್ಟದ್ದಾಯಿತು. ನೂರಾರು ಜನರ ಜಮೀನಿಗೆ ಹೆಚ್ಚೆಂದರೆ 10 ಹೆಸರು ಬರೆಯುವ ಪದ್ಧತಿ ಬಂತು. ಕುಲದ ಪರವಾಗಿ ಹೆಸರು ಕೊಟ್ಟ ಆ ಹತ್ತು ಜನ ಕಾನೂನಿನ ಕಣ್ಣಲ್ಲಿ ಪೂರ್ತಿ ಮಾಲೀಕರು. ಮಾರುವುದಕ್ಕೆ ಅವರ ರುಜು ಸಾಕು.

ಈಗ ಆ ನಾಲ್ವರ ಹೆಸರು ನೋಡಿ: ಉತ್ತರಕ್ಕೆ ಫ್ರೆಡರಿಕ್ ನೇನೆ ರಸೆಲ್, ಪಶ್ಚಿಮಕ್ಕೆ ಮೇತೆ ಕೀಂಗಿ, ಪೂರ್ವಕ್ಕೆ ತರೇಹಾ ತೆ ಮೊವಾನನೂಯಿ, ದಕ್ಷಿಣಕ್ಕೆ ಜಾನ್ ಪ್ಯಾಟರ್ಸನ್. 1868ರಲ್ಲಿ ಆಯ್ಕೆಯಾಗಿ ವೆಲಿಂಗ್ಟನ್ನಿಗೆ ಬಂದರು. ಆ ವರ್ಷವೇ ಉತ್ತರ ದ್ವೀಪದ ಎರಡೂ ಕರಾವಳಿಯಲ್ಲಿ ಯುದ್ಧ. ಒಂದು ಕಡೆ ತೀತೊಕೊವಾರು, ಇನ್ನೊಂದು ಕಡೆ ತೆ ಕೂತಿ. ಹೊರಗೆ ಮಾವೋರಿಗಳ ಮೇಲೆ ಸೈನ್ಯ ಕಳಿಸುತ್ತಿರುವ ಸರ್ಕಾರದ ಸಭೆಯಲ್ಲಿ ಈ ನಾಲ್ವರು ಮಾವೋರಿಗಳು ಕೂತಿದ್ದಾರೆ. ರಸೆಲ್ ತಂದೆ ಬಿಳಿಯ ವ್ಯಾಪಾರಿ, ಅವರಿಗೆ ಇಂಗ್ಲಿಷ್ ಬರುತ್ತಿತ್ತು. ತರೇಹಾ ದುಭಾಷಿಯನ್ನೇ ನೆಚ್ಚಬೇಕು.

ಆ ಸಭೆಯಲ್ಲಿ ಮಾತಾಡಿದ ಮೊದಲ ಮಾವೋರಿ ತರೇಹಾ. ಎರಡೂ ಜನಾಂಗಕ್ಕೆ ಒಳ್ಳೆಯ ಕಾನೂನು ಮಾಡಿ ಅನ್ನುವುದು ಆ ಚಿಕ್ಕ ಭಾಷಣದ ಸಾರ. ಸಭೆಯ ಮಾತುಗಳನ್ನು ಅಧಿಕೃತವಾಗಿ ಬರೆದಿಡುವ ಕೆಲಸ ಅಲ್ಲಿ ಅದಕ್ಕೆ ಹಿಂದಿನ ವರ್ಷ, 1867ರಲ್ಲಿ ಶುರುವಾಗಿತ್ತು. ಹಾಗಾಗಿ ಭಾಷಣ ಉಳಿದಿದೆ. ಆದರೆ ಉಳಿದಿರುವುದು ಇಂಗ್ಲಿಷಿನಲ್ಲಿ, ಅಂದರೆ ದುಭಾಷಿಯ ಮಾತು. ತರೇಹಾ ಬಾಯಿಂದ ಬಂದ ಮಾತನ್ನು ಯಾರೂ ಅಚ್ಚು ಹಾಕಲಿಲ್ಲ.

ಪಟ್ಟಿಗಳಲ್ಲಿ ಅವರ ಹೆಸರಿನ ಮುಂದೆ ‘ಮಾತಾಡಿದ ಮೊದಲಿಗ’ ಅಂತ ಇರುತ್ತೆ. ನನಗೆ ಈ ‘ಮೊದಲಿಗರ’ ಪಟ್ಟಿಗಳ ಮೇಲೆ ಮೊದಲಿಂದಲೂ ಗುಮಾನಿ. ಪಕ್ಕದ ಇನ್ನೊಂದು ಕಾಗದವನ್ನು ಅವು ಮುಚ್ಚಿಬಿಡುತ್ತವೆ. ಆ ಕಾಗದ ಹೆರೆತೌಂಗಾ ಅನ್ನುವ ಫಲವತ್ತಾದ ಬಯಲಿನದು. ಅದರ ಹತ್ತು ಜನ ‘ಮಾಲೀಕರಲ್ಲಿ’ ತರೇಹಾ ಕೂಡ ಒಬ್ಬರು. ಸಾಲ ಏರಿತ್ತು, ಕೊಳ್ಳುವವರು ಒಬ್ಬೊಬ್ಬರನ್ನೇ ಹಿಡಿದರು. ತರೇಹಾ ಸದಸ್ಯರಾಗಿದ್ದ ಅವಧಿಯಲ್ಲೇ ಆ ಬಯಲು ವಲಸಿಗರ ಕೈಗೆ ದಾಟಿತು. ಗಲಾಟೆ ಎಷ್ಟಾಯಿತೆಂದರೆ 1873ರಲ್ಲಿ ವಿಚಾರಣೆಗೆ ಆಯೋಗ ಕೂರಿಸಬೇಕಾಯಿತು. ಇವತ್ತು ಹೇಸ್ಟಿಂಗ್ಸ್ ನಗರ ಇರುವುದು ಆ ಬಯಲಿನ ಮೇಲೆ. ಶಾಸನ ಮಾಡುವ ಸಭೆಯಲ್ಲಿ ಕೂತವರಿಗೇ ಆ ಶಾಸನದಿಂದ ತಮ್ಮ ನೆಲ ಉಳಿಸಿಕೊಳ್ಳಲು ಆಗಲಿಲ್ಲ.

ನಾಲ್ವರದೂ ಅದೊಂದೇ ಅವಧಿ. ಮುಂದಿನ ಚುನಾವಣೆಯ ಹೊತ್ತಿಗೆ ನಾಲ್ಕೂ ಕಡೆ ಹೊಸಬರು.

ಹಾಗಂತ ಆ ಸೀಟುಗಳು ಬರೀ ಬೊಂಬೆಯಾಟ ಅಂದುಬಿಟ್ಟರೆ ಅದೂ ಅನ್ಯಾಯ. 1871ರಲ್ಲಿ ದಕ್ಷಿಣದಿಂದ ಬಂದ ಹೋರಿ ಕೇರೇಯಿ ತೈಯಾರೋವ ತನ್ನ ಙಾಯಿ ತಾಹು ಕುಲಕ್ಕೆ ಆದ ಮೋಸವನ್ನು ವರ್ಷಗಟ್ಟಲೆ ಸಭೆಯ ಮುಂದೆ ಎಳೆದು ತಂದರು. (ನಮ್ಮ ಙ ಅಕ್ಷರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು ನೋಡಿ.) ಆ ಕುಲದ ದೂರಿಗೆ ಕಾನೂನಿನ ರೂಪದ ಅಂತಿಮ ಪರಿಹಾರ ಬಂದದ್ದು 1998ರಲ್ಲಿ. ಪಶ್ಚಿಮದಿಂದ ಬಂದ ವೀ ಪರಾತಾ ಸರ್ಕಾರದ ಕಾರ್ಯಕಾರಿ ಮಂಡಳಿಯವರೆಗೆ ಹೋದರು. ಅದೇ ವೀ ಪರಾತಾ, ಶಾಲೆಗೆಂದು ಚರ್ಚಿಗೆ ಕೊಟ್ಟ ಜಮೀನನ್ನು ಶಾಲೆ ಕಟ್ಟದೆ ಇಟ್ಟುಕೊಂಡರು ಅಂತ ಕೋರ್ಟಿಗೆ ಹೋದಾಗ, 1877ರಲ್ಲಿ ನ್ಯಾಯಾಧೀಶರು 1840ರ ವೈತಾಂಗಿ ಒಪ್ಪಂದಕ್ಕೇ ಕಾನೂನಿನಲ್ಲಿ ಬೆಲೆ ಇಲ್ಲ ಅಂದುಬಿಟ್ಟರು.

ಐದು ವರ್ಷದ ಸೀಟುಗಳನ್ನು 1872ರಲ್ಲಿ ಇನ್ನೈದು ವರ್ಷಕ್ಕೆ ಎಳೆದರು, 1876ರಲ್ಲಿ ಗಡುವನ್ನೇ ತೆಗೆದರು. ಸಂಖ್ಯೆಯನ್ನು ಮಾತ್ರ ಮುಟ್ಟಲಿಲ್ಲ. ಬಿಳಿಯರು 1870ರಿಂದ ಗುಟ್ಟಾಗಿ ಚೀಟಿ ಹಾಕುತ್ತಿದ್ದರೆ, ಮಾವೋರಿ ಮತದಾರ ತನ್ನ ಆಯ್ಕೆಯನ್ನು ಅಧಿಕಾರಿಯ ಎದುರು ಬಾಯಿಬಿಟ್ಟು ಹೇಳಬೇಕಿತ್ತು; ಅವನಿಗೆ ರಹಸ್ಯ ಮತದಾನ ಸಿಕ್ಕಿದ್ದು 1938ರ ಚುನಾವಣೆಯಲ್ಲಿ. 1867ರ ಹೆಮ್ಮೆಯ ಮಾತು ಹೇಳುವವರು ಈ 1938ನ್ನೂ ಅದೇ ಉಸಿರಿನಲ್ಲಿ ಹೇಳಿದರೆ ನನ್ನ ತಕರಾರು ಅರ್ಧ ಕಮ್ಮಿಯಾದೀತು.

ನಾಲ್ಕು ಸೀಟು ನಾಲ್ಕಾಗಿಯೇ 1993ರ ಚುನಾವಣೆಯವರೆಗೂ ಉಳಿದವು. ಈಗ ಏಳಿವೆ. ಈಗಲೂ ಚುನಾವಣೆ ಹತ್ತಿರ ಬಂದರೆ ಇವು ಇನ್ನೂ ಯಾಕೆ ಬೇಕು ಅಂತ ಕೇಳುವವರು ಅಲ್ಲಿ ಇದ್ದಾರೆ.