ನಕ್ಷೆಯಲ್ಲಿ ಕಾಣದ ರಸೆಲ್ ಮಾರ್ಕೆಟ್

ಮಾರುಕಟ್ಟೆಯ ನವೀಕರಣ ಎಂದೊಡನೆ ನಮ್ಮ ಆಡಳಿತಗಾರರ ಕೈಗೆ ಬರುವುದು ಒಂದು ಬಣ್ಣದ ನಕ್ಷೆ. ಅದರಲ್ಲಿ ಲಿಫ್ಟು, ಗಾಜು, ನೆಲಮಾಳಿಗೆಯಲ್ಲಿ ಕಾರುಗಳ ಸಾಲು. ಕೊತ್ತಂಬರಿ ಕಟ್ಟು ಹರಡಿಕೊಂಡು ಗೋಣಿಚೀಲದ ಮೇಲೆ ಕೂತ ಹೆಂಗಸು ಇರುವುದಿಲ್ಲ. ನಮ್ಮ ತಕರಾರು ಸಿಮೆಂಟಿನ ಮೇಲಲ್ಲ, ಈ ಗೈರುಹಾಜರಿಯ ಮೇಲೆ.

ಬೆಂಗಳೂರು ಶಿವಾಜಿನಗರದ ರಸೆಲ್ ಮಾರ್ಕೆಟ್ಟನ್ನೇ ನೋಡೋಣ. ದಂಡಿನ ಪ್ರದೇಶದಲ್ಲಿ 1927ರಲ್ಲಿ ಬ್ರಿಟಿಷರು ಕಟ್ಟಿದ್ದು. 1933ರಲ್ಲಿ ಉದ್ಘಾಟಿಸಿದವರು ವರ್ತಕ ಇಸ್ಮಾಯಿಲ್ ಸೇಠ್. ಎದುರಿಗೆ ಸೇಂಟ್ ಮೇರಿ ಬೆಸಿಲಿಕಾ, ಸುತ್ತ ಮಸೀದಿಗಳು. ಸೆಪ್ಟೆಂಬರಿನ ಮೇರಿಯಮ್ಮನ ಹಬ್ಬಕ್ಕೂ ಗಣೇಶನಿಗೂ ರಂಜಾನಿನ ಇಫ್ತಾರಿಗೂ ಇಲ್ಲಿಂದಲೇ ಹೂವು, ಹಣ್ಣು. ಉರ್ದು, ತಮಿಳು, ಕನ್ನಡ ಕಲಸಿದ ಮಾತಿನಲ್ಲಿ ಚೌಕಾಸಿ. ಸೌಹಾರ್ದ ಸಮಾವೇಶಗಳಿಗೆ ಹೋಗಿ ಬಂದ ನಮಗೆ, ಅಲ್ಲಿಗಿಂತ ಇಲ್ಲಿ ಅದು ಕಡಿಮೆ ಮಾತಿನಲ್ಲಿ ನಡೆಯುತ್ತದೆ ಎನಿಸಿದೆ.

ಇದನ್ನು ಕೆಡವಿ ಬಹುಮಹಡಿ ಕಟ್ಟುವ ಪ್ರಸ್ತಾಪಕ್ಕೆ ವ್ಯಾಪಾರಿಗಳು ಅಡ್ಡ ನಿಂತರು. 2012ರ ಫೆಬ್ರವರಿಯ ಬೆಂಕಿಯಲ್ಲಿ ಅನೇಕ ಮಳಿಗೆಗಳು ಸುಟ್ಟ ಮೇಲೂ ಹಳೆಯ ಕಟ್ಟಡವನ್ನೇ ದುರಸ್ತಿ ಮಾಡಿಕೊಂಡರು. ಹಟಮಾರಿತನ ಎಂದವರುಂಟು. ಆದರೆ ತರಕಾರಿ ಮಾರುವವನನ್ನು ಎರಡನೇ ಮಹಡಿಗೆ ಹತ್ತಿಸಿದರೆ ಮಂಡಿನೋವಿನ ದಾದಿಮಾ ಅಲ್ಲಿಗೆ ಹತ್ತುತ್ತಾಳೆಯೇ? ಗಿರಾಕಿ ಬಾರದಾಗ ಅವನು ಮತ್ತೆ ಬೀದಿಗಿಳಿಯುತ್ತಾನೆ. ಹಿಂದೆಯೇ ಪೊಲೀಸರ ಲಾಠಿ. ಠೇವಣಿ, ಬಾಡಿಗೆ ಏರಿದರೆ ಮೊದಲು ನಿಲ್ಲುವುದು ಉದ್ರಿ. ತಿಂಗಳ ಕೊನೆಯ ವಾರ ಮನೆಯಲ್ಲಿ ಸೊಪ್ಪು ಬೇಯುವುದು ಎಷ್ಟೋ ಕಡೆ ಈ ಉದ್ರಿಯಿಂದ. ಅಂಗಡಿ ಕಟ್ಟುವ ಹೊತ್ತಿಗೆ ಟೊಮೆಟೊ, ಬದನೆ ಗುಡ್ಡೆ ಹಾಕಿ ಅಗ್ಗಕ್ಕೆ ಕೊಡುತ್ತಾರಲ್ಲ, ಅದನ್ನು ಕಾದು ಕೊಳ್ಳುವ ಮನೆಗೆಲಸದವರಿದ್ದಾರೆ. ಗಾಜಿನ ಮಳಿಗೆಯಲ್ಲಿ ಗುಡ್ಡೆಗೆ ಜಾಗವಿಲ್ಲ. ವ್ಯಾಪಾರದ ಬರಕತ್ತು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದರಲ್ಲಿ ಇದೂ ಸೇರಿತ್ತು.

ಹಾಗೆಂದು ಹಳೆಯದೆಲ್ಲ ಚಿನ್ನವಲ್ಲ. ಮೀನಿನ ಕೊಳಚೆ, ಜೋತುಬಿದ್ದ ವಿದ್ಯುತ್ ತಂತಿ, ಹೆಂಗಸರಿಗೆ ಶೌಚಾಲಯದ ಪರದಾಟ ಯಾವ ಪರಂಪರೆಯೂ ಅಲ್ಲ. ವ್ಯಾಪಾರಿಗಳ ಬಗೆಗೂ ನಮಗೆ ದೂರಿದೆ. ಮಳಿಗೆಯ ಪರವಾನಗಿ ಉಳ್ಳವರು ತಮ್ಮ ಹಕ್ಕಿಗೆ ಹೋರಾಡುವಾಗ ಹೊರಗೆ ನೆಲದ ಮೇಲೆ ಕೂತವರ ಹೆಸರೆತ್ತುವುದು ಅಪರೂಪ. ಎಷ್ಟೋ ಸಲ ಅವರನ್ನು ಎಬ್ಬಿಸಿ ಎಂದು ಅರ್ಜಿ ಕೊಡುವವರೂ ಇವರೇ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇನ್ನೂ ಮುಂದೆ ಹೋಗಿದೆ. ತಾನಾಗಿ ಬೆಳೆದ ಸಂತೆಯಲ್ಲಿ 50 ವರ್ಷಕ್ಕೂ ಹೆಚ್ಚು ಕಾಲ ಬೀದಿ ವ್ಯಾಪಾರ ನಡೆದಿದ್ದರೆ ಅದನ್ನು ಪಾರಂಪರಿಕ ಮಾರುಕಟ್ಟೆಯೆಂದು ಘೋಷಿಸಬೇಕು, ಅಲ್ಲಿನ ಬೀದಿ ವ್ಯಾಪಾರಿಗಳನ್ನು ಸ್ಥಳಾಂತರಿಸಬಾರದು ಎನ್ನುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು.

ಮುಂದಿನ ನಕ್ಷೆ ಬಂದಾಗ ಈ ಸಮಿತಿಯ ಮುಂದೆ ಅದನ್ನು ಬಿಚ್ಚಿಡಬೇಕು. ಕಾರಿಗೆ ಎಷ್ಟು ಅಡಿ, ಸಂಜೆಯ ಗುಡ್ಡೆಗೆ ಎಷ್ಟು ಅಡಿ ಎಂದು ಕೊತ್ತಂಬರಿ ಮಾರುವವಳೇ ಕೇಳಲಿ.